‘ಮರುಂದು ವೇಂಡಾಂ’ ಎಂದ ಡಾಕ್ಟರು

ನಮ್ಮ ದಾವಣಗೆರೆ ಕಡೆ ಮಳೆಗಾಲ ಅಂದರೆ ಜೂನ್. ಚೆನ್ನೈಗೆ ಬಂದು ಹನ್ನೊಂದು ವರ್ಷವಾದರೂ ಇಲ್ಲಿಯ ಕ್ಯಾಲೆಂಡರ್ ನನ್ನ ಮೈಗೆ ಹತ್ತಿಲ್ಲ. ಇಲ್ಲಿ ಮಳೆ ಹಿಡಿಯುವುದು ದೀಪಾವಳಿಯ ಹಿಂದೆ ಮುಂದೆ. ಓಎಂಆರ್‌ನ ಸರ್ವಿಸ್ ರಸ್ತೆಯಲ್ಲಿ ನೀರು ನಿಂತಿತು ಅನ್ನುವ ವಾರದಲ್ಲೇ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿವರ್ಷದ ಆ ಪ್ರಶ್ನೆ ಬರುತ್ತದೆ: ‘ಮಗುವಿಗೆ ಸಳಿ, ವೀಸಿಂಗ್ ಬೇರೆ. ಏನು ಕೊಡಬಹುದು?’ ಸಳಿ ಅಂದರೆ ತಮಿಳಿನಲ್ಲಿ ನೆಗಡಿಯೂ ಹೌದು, ಕಫವೂ ಹೌದು. ಹತ್ತು ನಿಮಿಷದೊಳಗೆ ಯಾರೋ ಒಬ್ಬರು ತಮ್ಮ ಮಗುವಿಗೆ ಹೋದ ವರ್ಷ ಬರೆದುಕೊಟ್ಟ ಚೀಟಿಯ ಫೋಟೋ ಹಾಕುತ್ತಾರೆ. ಅದರ ಕೆಳಗೆ ಐದಾರು ಕೈಮುಗಿಯುವ ಇಮೋಜಿ.

ಆ ಚೀಟಿಗಳನ್ನು ನೋಡಿ ನೋಡಿ ನನಗೆ ಬಾಯಿಪಾಠ ಆಗಿದೆ. ಒಂದು ಆಂಟಿಬಯಾಟಿಕ್, ಒಂದು ಸಾಲ್ಬುಟಮಾಲ್ ಸಿರಪ್, ನೆಬುಲೈಸರ್‌ಗೆ ಹಾಕುವ ಬುಡೆಸೊನೈಡ್, ಕೊನೆಗೆ ಪ್ರೆಡ್ನಿಸೊಲೋನ್ ಸಿರಪ್ ಅಥವಾ ಬೀಟಾಮೆಥಸೋನ್ ಹನಿ. ಇದರಲ್ಲಿ ಕೊನೆಯ ಸಾಲಿನವೆಲ್ಲ ಸ್ಟೀರಾಯ್ಡ್. ಜಿಮ್ ಹುಡುಗರು ಕದ್ದು ಚುಚ್ಚಿಕೊಳ್ಳುವ ಸ್ಟೀರಾಯ್ಡ್ ಅಲ್ಲ, ಅದು ಬೇರೆ ಜಾತಿ. ಇದು ಕಾರ್ಟಿಕೋಸ್ಟೀರಾಯ್ಡ್, ನಮ್ಮ ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಗ್ರಂಥಿಗಳು ತಾವೇ ತಯಾರಿಸುವ ಹಾರ್ಮೋನಿನ ಅಣ್ಣತಮ್ಮ. ಈ ಸಲದ ಅಂಕಣ ಆ ಒಂದು ಸಾಲಿನ ಬಗ್ಗೆ. ನಾನು ಡಾಕ್ಟರಲ್ಲ. ಎಂ.ಟೆಕ್ ಮಾಡಿ ದಿನವಿಡೀ ಡೇಟಾ ಜರಡಿ ಹಿಡಿಯುವವನು. ಆದರೆ ಒಂದು ನವೆಂಬರಿನಲ್ಲಿ ಈ ಪ್ರಶ್ನೆ ನಮ್ಮ ಮನೆಯ ತೊಟ್ಟಿಲಿಗೇ ಬಂದು ಕೂತಿತು. ಅವತ್ತಿನಿಂದ ಇದನ್ನು ಬಿಡದೆ ಓದಿಕೊಂಡಿದ್ದೇನೆ.

ಮೊದಲು ಕಾಯಿಲೆಯ ವಿಷಯ. ಹೆಸರು ಬ್ರಾಂಕಿಯೋಲೈಟಿಸ್. ಶ್ವಾಸನಾಳಿಕೆಗಳ ಉರಿಯೂತ ಎಂದು ಕನ್ನಡ ಮಾಡಬಹುದು, ಆದರೆ ಹಾಗಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮಜ್ಜಿ ‘ಮಗೀಗೆ ಪಕ್ಕೆ ಎಳೀತೈತಿ’ ಅನ್ನುತ್ತಿದ್ದಳು. ರೋಗದ ಲಕ್ಷಣವನ್ನು ಅದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಒಂದು ವರ್ಷ ತುಂಬದ ಕೂಸುಗಳಿಗೆ ಬರುವುದು ಹೆಚ್ಚು. ಮಾಡುವುದು ವೈರಸ್. ಹಲವು ವೈರಸ್‌ಗಳಿವೆ, ಮುಖ್ಯವಾದದ್ದು ಆರ್‌ಎಸ್‌ವಿ. 1956ರಲ್ಲಿ ಅದು ಮೊದಲು ಸಿಕ್ಕಿದ್ದು ಅಮೆರಿಕದಲ್ಲಿ ನೆಗಡಿ ಹಿಡಿದಿದ್ದ ಚಿಂಪಾಂಜಿಗಳಲ್ಲಿ. ಮರುವರ್ಷವೇ ರಾಬರ್ಟ್ ಚಾನಕ್ ಎಂಬ ವಿಜ್ಞಾನಿ ಬಾಲ್ಟಿಮೋರಿನ ಕಾಯಿಲೆ ಮಕ್ಕಳಲ್ಲಿ ಅದೇ ವೈರಸ್ ಇದೆ ಎಂದು ತೋರಿಸಿದರು. ಪಾಪ, ಚಿಂಪಾಂಜಿಗಳ ಮೇಲೆ ಬಂದಿದ್ದ ಅಪವಾದ ಅಲ್ಲಿಗೆ ಮುಗಿಯಿತು, ಅದು ನಮ್ಮದೇ ವೈರಸ್.

ದೊಡ್ಡವರಿಗೆ ಇದೇ ವೈರಸ್ ಬಂದರೆ ಮೂಗು ಸೋರಿ ಹೋಗುತ್ತದೆ. ಕೂಸಿಗೆ ಯಾಕೆ ಉಸಿರು ಕಟ್ಟುತ್ತದೆ ಅಂದರೆ ಕೊಳವೆಯ ಲೆಕ್ಕ. ಎಳನೀರಿನ ಸ್ಟ್ರಾದಲ್ಲಿ ಚೂರು ಗಂಜಿ ಸಿಕ್ಕಿಕೊಂಡರೆ ಏನೂ ಆಗುವುದಿಲ್ಲ, ಫ್ರೂಟಿಯ ಸ್ಟ್ರಾದಲ್ಲಿ ಅಷ್ಟೇ ಸಿಕ್ಕಿಕೊಂಡರೆ ಮುಗಿಯಿತು. ನಯವಾಗಿ ಹರಿಯುವ ಗಾಳಿಗೆ ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ಅಡ್ಡಿ ಇಮ್ಮಡಿ ಆಗುವುದಲ್ಲ, ಹದಿನಾರು ಪಟ್ಟಾಗುತ್ತದೆ. ಇದು ಪಿಯುಸಿ ಫಿಸಿಕ್ಸ್. ವೈರಸ್ ಆ ಸಣ್ಣ ಕೊಳವೆಗಳ ಒಳಪದರದ ಕೋಶಗಳನ್ನು ಕೊಲ್ಲುತ್ತದೆ. ಅವು ಕಳಚಿ ಬಿದ್ದು, ಸಿಂಬಳದ ಜೊತೆ ಸೇರಿ, ಕೊಳವೆಗೆ ಬಿರಡೆ ಹಾಕಿದ ಹಾಗೆ ಕೂರುತ್ತವೆ. ಗೋಡೆಯೂ ಊದಿಕೊಂಡಿರುತ್ತದೆ. ಕೂಸು ಅದರ ನಡುವೆ ಗಾಳಿ ಎಳೆಯಲು ಪಕ್ಕೆಯನ್ನೆಲ್ಲ ಒಳಕ್ಕೆ ಸೆಳೆದುಕೊಳ್ಳುತ್ತದೆ.

ನನ್ನ ಮಗಳಿಗಾಗ ಏಳು ತಿಂಗಳು. ಎರಡು ದಿನ ಮೂಗು ಸೋರಿತು, ಮೂರನೆಯ ದಿನ ಬೆಳಿಗ್ಗೆ ಎದೆಯಲ್ಲಿ ಗೊರಗೊರ. ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಟೋಕನ್ ನಂಬರ್ ಮೂವತ್ತೆಂಟು. ಒಳಗಿದ್ದದ್ದು ಮೂರು ನಿಮಿಷ ಇರಬಹುದು. ಮೇಲೆ ಹೇಳಿದ ಚೀಟಿಯೇ ಕೈಗೆ ಬಂತು, ಸ್ಟೀರಾಯ್ಡ್ ಸಮೇತ. ನನ್ನ ಹೆಂಡತಿ ಚೀಟಿ ಓದಿ, ಔಷಧಿ ಕೊಳ್ಳುವ ಮೊದಲು ಇನ್ನೊಬ್ಬರಿಗೆ ತೋರಿಸೋಣ ಅಂದಳು. ಅವಳಿಗೆ ಅನುಮಾನ ಬಂದದ್ದು ಸ್ಟೀರಾಯ್ಡ್ ನೋಡಿ ಅಲ್ಲ, ಆ ಡಾಕ್ಟರು ಮಗುವಿನ ಸ್ವೆಟರ್ ತೆಗೆಸದೇ ಚೀಟಿ ಬರೆದರಲ್ಲ ಅಂತ.

ಸಂಜೆ ಹೋದದ್ದು ವಯಸ್ಸಾದ ಒಬ್ಬ ಡಾಕ್ಟರಮ್ಮನ ಹತ್ತಿರ. ಅವರು ಮೊದಲು ಮಗುವಿನ ಮೇಲಂಗಿ ತೆಗೆಸಿದರು. ಸ್ಟೆತಸ್ಕೋಪ್ ಮುಟ್ಟಲಿಲ್ಲ. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿದರು. ನಲವತ್ತೆಂಟು. ಕಾಲ್ಬೆರಳಿಗೆ ಆಕ್ಸಿಮೀಟರ್ ಕಟ್ಟಿದರು. ತೊಂಬತ್ತಾರು. ಹಾಲು ಹೇಗೆ ಕುಡಿಯುತ್ತಿದೆ, ಡಯಾಪರ್ ಎಷ್ಟು ಒದ್ದೆಯಾಗಿದೆ ಎಂದು ಕೇಳಿದರು. ಆಮೇಲೆ ಎದೆಗೆ ಕಿವಿಗೊಟ್ಟರು. ಕೊನೆಗೆ ನನ್ನ ಹೆಂಡತಿಯ ಕಡೆ ತಿರುಗಿ, ‘ಮರುಂದು ವೇಂಡಾಂ, ಮಾ’ ಅಂದರು. ಔಷಧಿ ಬೇಡ. ಮೂಗಿಗೆ ಉಪ್ಪುನೀರಿನ ಹನಿ, ಸ್ವಲ್ಪ ಸ್ವಲ್ಪವೇ ಹಾಲು, ಜ್ವರ ಬಂದರೆ ಪ್ಯಾರಾಸಿಟಮಾಲ್. ಮೂರರಿಂದ ಐದನೆಯ ದಿನ ಜೋರಾಗುತ್ತದೆ, ಆಗ ಏನೇನು ನೋಡಬೇಕು ಅಂತ ತಮಿಳು ಇಂಗ್ಲಿಷ್ ಬೆರೆಸಿ ಹೇಳಿದರು. ಇಪ್ಪತ್ತು ನಿಮಿಷ ಹಿಡಿಯಿತು. ಔಷಧಿ ಬರೆಯುವುದಕ್ಕಿಂತ ಬರೆಯದಿರುವುದಕ್ಕೆ ಹೆಚ್ಚು ಹೊತ್ತು ಬೇಕು ಎಂಬುದನ್ನು ಗಮನಿಸಿ, ಮುಂದೆ ಈ ಮಾತಿಗೆ ಬರುತ್ತೇನೆ.

ಕಥೆ ಇಲ್ಲಿಗೆ ಸುಖಾಂತವಾಗಿದ್ದರೆ ಈ ಅಂಕಣ ಬರೆಯುವ ಅಗತ್ಯವೇ ಇರಲಿಲ್ಲ. ನಾಲ್ಕನೆಯ ದಿನ ರಾತ್ರಿ ಮಗು ಹಾಲು ಬಿಟ್ಟಳು. ಎಣಿಸಿದರೆ ನಿಮಿಷಕ್ಕೆ ಅರವತ್ತನಾಲ್ಕು. ಪಕ್ಕೆಗಳ ನಡುವೆ ಗುಳಿ ಬೀಳುತ್ತಿತ್ತು. ಆಸ್ಪತ್ರೆಗೆ ಓಡಿದಾಗ ಆಕ್ಸಿಮೀಟರ್ ಎಂಬತ್ತೊಂಬತ್ತು ತೋರಿಸಿತು. ಅಡ್ಮಿಟ್ ಮಾಡಿಕೊಂಡು ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದರು, ಇನ್ನೊಂದು ಸಣ್ಣ ಕೊಳವೆಯಲ್ಲಿ ಹೊಟ್ಟೆಗೆ ಹಾಲು. ಅಲ್ಲೂ ಸ್ಟೀರಾಯ್ಡ್ ಕೊಡಲಿಲ್ಲ.

ಬೆಳಗಿನ ಜಾವ ಕಾರಿಡಾರಿನ ಬೆಂಚಿನ ಮೇಲೆ ನಮ್ಮತ್ತೆ ಕೂತಿದ್ದರು. ನೇರವಾಗಿ ನನ್ನನ್ನು ಕೇಳಲಿಲ್ಲ, ಮಗಳಿಗೆ ಹೇಳುವ ಹಾಗೆ ನನಗೆ ಕೇಳಿಸಿದರು: ‘ಮೊನ್ನೆ ಬರಕೊಟ್ಟಿದ್ರಲ್ಲ ಆ ಸಿರಪ್ಪು, ಅದನ್ನ ಹಾಕಿದ್ರೆ ಇಲ್ಲೀಗಂಟ ಬರೋ ಹಾಗೆ ಆಗ್ತಿರ್ಲಿಲ್ಲೇನೋ.’ ಹೆಂಡತಿ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಕೊಟ್ಟಿದ್ದರೆ ಅಡ್ಮಿಷನ್ ತಪ್ಪುತ್ತಿತ್ತೇ? ನನ್ನ ಮಗಳ ವಿಷಯದಲ್ಲಿ ಇದಕ್ಕೆ ಉತ್ತರ ಯಾರಿಗೂ ಸಿಗುವುದಿಲ್ಲ, ಆ ರಾತ್ರಿಯನ್ನು ಸಿರಪ್ ಕೊಟ್ಟು ಇನ್ನೊಮ್ಮೆ ಓಡಿಸಿ ನೋಡಲಾಗದು. ನೂರಾರು ಮಕ್ಕಳಲ್ಲಿ ಮಾತ್ರ ಇದನ್ನು ಕೇಳಬಹುದು. ಫೋನ್ ತೆಗೆದು ಹುಡುಕಿದೆ. ನಮ್ಮತ್ತೆಯ ಪ್ರಶ್ನೆಯನ್ನು ಅಕ್ಷರಶಃ ಹಾಗೆಯೇ ಕೇಳಿದ ಒಂದು ಪ್ರಯೋಗ ಆಗಲೇ ನಡೆದುಹೋಗಿತ್ತು.

ಅಮೆರಿಕದ 20 ಆಸ್ಪತ್ರೆಗಳ ತುರ್ತು ವಿಭಾಗಗಳು ಸೇರಿ ಮಾಡಿದ್ದು, 2007ರಲ್ಲಿ ಪ್ರಕಟವಾದದ್ದು. ಎರಡರಿಂದ ಹನ್ನೆರಡು ತಿಂಗಳ 600 ಮಕ್ಕಳು, ಎಲ್ಲರಿಗೂ ಮೊದಲ ಸಲದ ಬ್ರಾಂಕಿಯೋಲೈಟಿಸ್. ಅರ್ಧದಷ್ಟು ಮಕ್ಕಳಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಒಂದು ಡೋಸ್ ಬಾಯಿಗೆ, ಇನ್ನರ್ಧಕ್ಕೆ ಔಷಧಿಯಿಲ್ಲದ ದ್ರವ. ಯಾರಿಗೆ ಯಾವುದು ಎಂದು ತಾಯ್ತಂದೆಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನಾಲ್ಕು ಗಂಟೆ ಕಾದು ನೋಡಿದರು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದದ್ದು ಸ್ಟೀರಾಯ್ಡ್ ಗುಂಪಿನಲ್ಲಿ 39.7%, ಇನ್ನೊಂದರಲ್ಲಿ 41.0%. ಅಂದರೆ ವ್ಯತ್ಯಾಸ ಇಲ್ಲ. ಈ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ: ನಾಲ್ಕು ಗಂಟೆಯಲ್ಲಿ ಎರಡೂ ಗುಂಪಿನ ಮಕ್ಕಳು ಸುಧಾರಿಸಿದ್ದರು. ಔಷಧಿ ಕೊಟ್ಟ ಡಾಕ್ಟರಿಗೆ, ತಾಯಿಗೆ, ‘ನೋಡಿದ್ರಾ, ಕೆಲಸ ಮಾಡ್ತು’ ಅನ್ನಿಸಿಯೇ ಅನ್ನಿಸುತ್ತದೆ. ಪಕ್ಕದ ಮಂಚದ ಮಗು ಬರೀ ಸಿಹಿನೀರಿನಲ್ಲಿ ಅಷ್ಟೇ ಸುಧಾರಿಸಿದ್ದು ಕಾಣುವುದು ಲೆಕ್ಕ ಇಟ್ಟವರಿಗೆ ಮಾತ್ರ.

ಹಾಗಾದರೆ ಈ ಔಷಧಿ ಇಲ್ಲಿಗೆ ಬಂದದ್ದು ಹೇಗೆ? 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕೀಲುವಾತದಿಂದ ಏಳಲಾಗದಿದ್ದ ಒಬ್ಬ ಹೆಂಗಸಿಗೆ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡೇ ವರ್ಷದಲ್ಲಿ, 1950ರಲ್ಲಿ, ನೊಬೆಲ್. ಅಂಥ ಪವಾಡ ಕಂಡ ಮೇಲೆ ಎಲ್ಲೆಲ್ಲಿ ಊತ ಇದೆಯೋ ಅಲ್ಲೆಲ್ಲ ಕೊಟ್ಟು ನೋಡದೇ ಇರುತ್ತಾರೆಯೇ? ಅಸ್ತಮಾಕ್ಕೆ ಕೊಟ್ಟರು, ಫಲಿಸಿತು. ಕೂಸುಗಳ ಎದೆಯಲ್ಲೂ ಸುಂಯ್ ಸುಂಯ್ ಸದ್ದು ಅಸ್ತಮಾದಂತೆಯೇ ಕೇಳುತ್ತದೆ, ಇವಕ್ಕೂ ಕೊಟ್ಟರು. ಸದ್ದು ಒಂದೇ, ಒಳಗಿನ ಕಥೆ ಬೇರೆ. ಸ್ಟೀರಾಯ್ಡ್‌ಗೆ ಚೆನ್ನಾಗಿ ಬಗ್ಗುವುದು ಅಲರ್ಜಿ ಜಾತಿಯ ಉರಿಯೂತ. ಬ್ರಾಂಕಿಯೋಲೈಟಿಸ್‌ನಲ್ಲಿ ದಂಡು ಕಟ್ಟಿಕೊಂಡು ಬರುವುದು ಹೆಚ್ಚಾಗಿ ನ್ಯೂಟ್ರೋಫಿಲ್ ಎಂಬ ಬೇರೆ ಬಿಳಿರಕ್ತಕಣ, ಅವು ಸ್ಟೀರಾಯ್ಡ್‌ಗೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಸತ್ತ ಕೋಶಗಳ ಬಿರಡೆಯನ್ನಂತೂ ಯಾವ ಸಿರಪ್ಪೂ ಕರಗಿಸುವುದಿಲ್ಲ, ದೇಹವೇ ನಿಧಾನವಾಗಿ ಗುಡಿಸಬೇಕು.

ಆಶ್ಚರ್ಯ ಅಂದರೆ ಇದು ಹೊಸದಾಗಿ ತಿಳಿದದ್ದೇನಲ್ಲ. 1963ರಲ್ಲೇ ಅಮೆರಿಕದ ಇಬ್ಬರು ವೈದ್ಯರು, ಈ ಕಾಯಿಲೆಗೆ ಆಕ್ಸಿಜನ್ ಬಿಟ್ಟು ಬೇರೆ ಯಾವ ಚಿಕಿತ್ಸೆ ಪ್ರಯೋಜನಕಾರಿ ಎನ್ನುವುದಕ್ಕೂ ನಂಬುವಂಥ ಆಧಾರವಿಲ್ಲ ಎಂದು ಬರೆದಿದ್ದರು. 1969ರಲ್ಲಿ ಹಲವು ಆಸ್ಪತ್ರೆಗಳು ಸೇರಿ 297 ಮಕ್ಕಳಲ್ಲಿ ಪರೀಕ್ಷಿಸಿ, ಸ್ಟೀರಾಯ್ಡ್‌ನಿಂದ ಲಾಭ ಕಾಣಲಿಲ್ಲ ಎಂದರು. ಅಂದರೆ ನನ್ನಪ್ಪ ಹೈಸ್ಕೂಲಿನಲ್ಲಿದ್ದಾಗ ಬಂದ ಉತ್ತರ ಇದು. ನನ್ನ ಮಗಳ ಚೀಟಿಗೆ ಇನ್ನೂ ತಲುಪಿರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ನಡುವೆ ಆಸೆ ಹುಟ್ಟಿಸಿದ ಫಲಿತಾಂಶಗಳೂ ಬಂದವು. 2002ರಲ್ಲಿ ಟೊರೊಂಟೊದಲ್ಲಿ 70 ಮಕ್ಕಳ ಸಣ್ಣ ಪ್ರಯೋಗ: ಡೆಕ್ಸಾಮೆಥಸೋನ್ ಕೊಟ್ಟವರಲ್ಲಿ ಅಡ್ಮಿಟ್ ಆದದ್ದು 19%, ಕೊಡದವರಲ್ಲಿ 44%. ಅಬ್ಬಾ ಅನ್ನಿಸುವ ಅಂತರ. ಇದನ್ನು ದೊಡ್ಡದಾಗಿ ಮಾಡಿ ನೋಡೋಣ ಎಂದು ಹೊರಟಾಗ ಸಿಕ್ಕದ್ದೇ ಮೇಲೆ ಹೇಳಿದ 600 ಮಕ್ಕಳ ಉತ್ತರ. ಸಣ್ಣ ಸ್ಯಾಂಪಲ್ ನೋಡಿ ಮ್ಯಾನೇಜರ್ ಹಿಗ್ಗುವುದು, ಪ್ರೊಡಕ್ಷನ್‌ಗೆ ಹಾಕಿದ ಮೇಲೆ ಗ್ರಾಫ್ ಮಲಗುವುದು ನಮ್ಮ ಕಸುಬಿನಲ್ಲೂ ತಿಂಗಳಿಗೊಮ್ಮೆ ನಡೆಯುತ್ತದೆ.

ಇನ್ನೊಂದು ಹೆಚ್ಚು ಗಂಭೀರವಾದದ್ದು. 2009, ಕೆನಡಾದ 8 ಆಸ್ಪತ್ರೆಗಳು, 800 ಮಕ್ಕಳು. ನಾಲ್ಕು ಗುಂಪು: ಬರೀ ಅಡ್ರಿನಲಿನ್ ನೆಬುಲೈಸ್ ಮಾಡಿದವರು, ಬರೀ ಡೆಕ್ಸಾಮೆಥಸೋನ್ ಕೊಟ್ಟವರು, ಎರಡೂ ಕೊಟ್ಟವರು, ಎರಡೂ ಇಲ್ಲದವರು. ಏಳು ದಿನದೊಳಗೆ ಅಡ್ಮಿಟ್ ಆದದ್ದು ಎರಡೂ ಕೊಟ್ಟವರಲ್ಲಿ 17.1%, ಏನೂ ಕೊಡದವರಲ್ಲಿ 26.4%. ಬರೀ ಸ್ಟೀರಾಯ್ಡ್ ಕೊಟ್ಟ ಗುಂಪಿನಲ್ಲಿ ಲಾಭವಿಲ್ಲ. ಜೋಡಿಯ ಲಾಭವೂ, ಹಲವು ಹೋಲಿಕೆಗಳನ್ನು ಒಟ್ಟಿಗೆ ಮಾಡಿದ್ದಕ್ಕೆ ಕತ್ತರಿಸಬೇಕಾದಷ್ಟು ಕತ್ತರಿಸಿದ ಮೇಲೆ, ಖಚಿತ ಅನ್ನುವ ಗೆರೆಯಿಂದ ಕೆಳಗೆ ಉಳಿಯಿತು. ಇದು ಅಂಕಿಗಳ ಕಸರತ್ತು ಅನ್ನಿಸಬಹುದು. ಆದರೆ ಹತ್ತು ಡ್ಯಾಶ್‌ಬೋರ್ಡ್ ತೆರೆದಿಟ್ಟುಕೊಂಡರೆ ಯಾವುದಾದರೂ ಒಂದು ಸುಮ್ಮನೆ ಹಸಿರಾಗಿಯೇ ಆಗುತ್ತದೆ. ಅದಕ್ಕೇ ಆ ಸಂಶೋಧಕರು ತಮ್ಮ ಫಲಿತಾಂಶದ ಮೇಲೆ ತಾವೇ ಕತ್ತರಿ ಆಡಿಸಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

2013ರಲ್ಲಿ ಕತಾರಿನ ದೋಹಾದಿಂದ ಇನ್ನೊಂದು ಬಂತು. ನಮ್ಮ ಓದುಗರಲ್ಲಿ ಅಲ್ಲಿರುವವರು ಬಹಳ ಮಂದಿ, ಅದಕ್ಕೇ ಹೇಳುತ್ತಿದ್ದೇನೆ. ಎಕ್ಸಿಮಾ ಇದ್ದ ಅಥವಾ ಹತ್ತಿರದ ರಕ್ತಸಂಬಂಧಿಗೆ ಅಸ್ತಮಾ ಇದ್ದ 200 ಮಕ್ಕಳನ್ನೇ ಆರಿಸಿ ಐದು ದಿನ ಡೆಕ್ಸಾಮೆಥಸೋನ್ ಕೊಟ್ಟಾಗ, ಮನೆಗೆ ಕಳಿಸುವ ಹಂತಕ್ಕೆ ಅವರು ಸುಮಾರು 27 ಗಂಟೆಯ ಬದಲು ಸುಮಾರು 19 ಗಂಟೆಯಲ್ಲಿ ಬಂದರು. ಒಂದು ಪ್ರಯೋಗ, ಆರಿಸಿಕೊಂಡ ಮಕ್ಕಳು. ಅದರಿಂದ ಎಲ್ಲರಿಗೂ ಕೊಡಬಹುದು ಎಂದಾಗುವುದಿಲ್ಲ. ಬಾಗಿಲು ಪೂರ್ತಿ ಮುಚ್ಚಿದೆ ಎಂದೂ ನಾನು ಹೇಳಲಾರೆ.

ಅದೇ ವರ್ಷ ಕಾಕ್ರೇನ್ ಸಂಸ್ಥೆ ಇಂಥ 17 ಪ್ರಯೋಗಗಳನ್ನು, ಒಟ್ಟು 2596 ಮಕ್ಕಳ ಲೆಕ್ಕವನ್ನು ಒಟ್ಟುಗೂಡಿಸಿತು. ಸ್ಟೀರಾಯ್ಡ್‌ನಿಂದ ಅಡ್ಮಿಷನ್ ಕಡಿಮೆಯಾಗಲಿಲ್ಲ, ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಗಣನೀಯವಾಗಿ ಕಡಿಮೆಯಾಗಲಿಲ್ಲ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, 2015ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಬ್ರಾಂಕಿಯೋಲೈಟಿಸ್‌ಗೆ ಸ್ಟೀರಾಯ್ಡ್ ಕೊಡಬೇಡಿ ಎಂದೇ ಬರೆದವು. ಸಾಲ್ಬುಟಮಾಲ್ ಬೇಡ, ಬ್ಯಾಕ್ಟೀರಿಯಾ ಸೋಂಕಿನ ಅನುಮಾನವಿಲ್ಲದೆ ಆಂಟಿಬಯಾಟಿಕ್ಕೂ ಬೇಡ. ನಮ್ಮ ವಾಟ್ಸಾಪ್ ಚೀಟಿಯಲ್ಲಿ ಉಳಿಯುವುದು ಕೊನೆಗೆ ಮೇಲಿನ ಲೆಟರ್‌ಹೆಡ್ ಮಾತ್ರ.

ಕಾಕ್ರೇನ್ ಅಂದೆನಲ್ಲ, ಅದರ ಲಾಂಛನವನ್ನು ನೋಡಿದ್ದೀರಾ? ಒಂದು ವೃತ್ತದೊಳಗೆ ಕೆಲವು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ, ಕೆಳಗೆ ಪುಟ್ಟ ವಜ್ರದ ಆಕಾರ. ನಾನು ಬಹಳ ಕಾಲ ಅದನ್ನು ಬರೀ ಡಿಸೈನ್ ಅಂದುಕೊಂಡಿದ್ದೆ. ಅದು ನಿಜವಾದ ಡೇಟಾ. ವಿಚಿತ್ರವೆಂದರೆ ಅದೂ ಸ್ಟೀರಾಯ್ಡ್‌ನದೇ. 1972ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗಿನ್ಸ್ ಮತ್ತು ಹೋವಿ ಎಂಬಿಬ್ಬರು, ದಿನ ತುಂಬುವ ಮುಂಚೆ ಹೆರಿಗೆನೋವು ಬಂದ ತಾಯಂದಿರಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಹುಟ್ಟುವ ಕೂಸಿನ ಶ್ವಾಸಕೋಶ ಬೇಗ ಬಲಿತು ಬದುಕುವ ಸಾಧ್ಯತೆ ಹೆಚ್ಚುತ್ತದೆ ಎಂದು ತೋರಿಸಿದ್ದರು. ಆಮೇಲೂ ಪ್ರಯೋಗಗಳು ನಡೆದವು, ಆದರೆ ಎಲ್ಲವನ್ನೂ ಒಟ್ಟಿಗೆ ಕೂಡಿಸಿ ನೋಡಿದ್ದು 1989ರಲ್ಲಿ. ಅಷ್ಟರೊಳಗೆ ಆ ಅಗ್ಗದ ಚುಚ್ಚುಮದ್ದು ಸಿಗದೆ ಹೋದ ಕೂಸುಗಳೆಷ್ಟೋ. ಒಂದೇ ಜಾತಿಯ ಔಷಧಿ: ಕೊಡಬೇಕಾದ ಕಡೆ ತಡವಾಗಿ ಕೊಟ್ಟರು, ಕೊಡಬಾರದ ಕಡೆ ಇನ್ನೂ ನಿಲ್ಲಿಸಿಲ್ಲ.

ಈ ಕಥೆಗೆ ಕರ್ನಾಟಕದ ಅಧ್ಯಾಯವೂ ಇದೆ. ಆ ತಾಯಂದಿರ ಚುಚ್ಚುಮದ್ದನ್ನು ಹಳ್ಳಿಗಳಿಗೂ ತಲುಪಿಸಿದರೆ ಹೇಗೆ ಎಂದು ಆರು ದೇಶಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಭಾರತದಲ್ಲಿ ಆರಿಸಿಕೊಂಡದ್ದು ಬೆಳಗಾವಿ ಮತ್ತು ನಾಗಪುರ. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಔಷಧಿ ತಲುಪಿಸಿದ ಕಡೆಗಳಲ್ಲಿ ನವಜಾತ ಶಿಶುಗಳ ಸಾವು ಕಡಿಮೆಯಾಗಲಿಲ್ಲ, ಸಾವಿರಕ್ಕೆ ಮೂರು ನಾಲ್ಕರಷ್ಟು ಹೆಚ್ಚಾಗಿತ್ತು. ಗರ್ಭದ ವಾರದ ಲೆಕ್ಕ ನಿಖರವಿಲ್ಲದೆ, ಆಕ್ಸಿಜನ್, ಶುಶ್ರೂಷೆ ಇಲ್ಲದ ಕಡೆ ಕೊಟ್ಟರೆ ಹೀಗಾಗಬಹುದು ಎಂಬುದು ಒಂದು ವಿವರಣೆ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಮಾಡಿ ವಾರ ಗೊತ್ತುಮಾಡಿ, ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಇದ್ದ ಕಡೆ ಮತ್ತೆ ಪರೀಕ್ಷಿಸಿತು. ಅಲ್ಲೂ ಬೆಳಗಾವಿ ಇತ್ತು. 2020ರ ಉತ್ತರ: ನವಜಾತ ಶಿಶುಗಳ ಸಾವು 23.5%ರಿಂದ 19.6%ಕ್ಕೆ ಇಳಿಯಿತು. ಅದೇ ಔಷಧಿ, ಬೇರೆ ಸಂದರ್ಭ. ಕೋವಿಡ್ ವೇಳೆಯಲ್ಲೂ ಇದನ್ನೇ ಕಂಡೆವು. ಆಕ್ಸಿಜನ್ ಮೇಲಿದ್ದವರ ಜೀವ ಉಳಿಸಿದ ಡೆಕ್ಸಾಮೆಥಸೋನ್, ಆಕ್ಸಿಜನ್ ಬೇಡದಿದ್ದವರಿಗೆ ಉಪಯೋಗಕ್ಕೆ ಬರಲಿಲ್ಲ. 2021ರಲ್ಲಿ ಮನೆಮನೆಯಲ್ಲಿ ನುಂಗಿದವರ ಪೈಕಿ ಕಪ್ಪು ಶಿಲೀಂಧ್ರದ ಹೆಸರು ಕೇಳಿ ನಡುಗಿದವರು ನಮ್ಮ ಪರಿಚಯದಲ್ಲೇ ಇದ್ದಾರೆ.

ಕೂಸಿಗೆ ಒಂದೆರಡು ಡೋಸ್ ಸ್ಟೀರಾಯ್ಡ್ ಹೋದರೆ ಪ್ರಳಯವೇನೂ ಆಗುವುದಿಲ್ಲ. ಬ್ರಾಂಕಿಯೋಲೈಟಿಸ್ ಪ್ರಯೋಗಗಳಲ್ಲಿ ತಕ್ಷಣದ ದೊಡ್ಡ ಅಪಾಯ ಎದ್ದು ಕಾಣಲಿಲ್ಲ. ಈಗಾಗಲೇ ಕೊಟ್ಟಿರುವ ತಾಯಂದಿರು ಇದನ್ನು ಓದಿ ನಿದ್ದೆಗೆಡುವುದು ಬೇಡ. ನನ್ನ ತಕರಾರು ಮರುಕಳಿಸುವುದರ ಬಗ್ಗೆ. ಮಳೆಗಾಲದಲ್ಲಿ ಡೇಕೇರ್‌ಗೆ ಹೋಗುವ ಮಗು ತಿಂಗಳಿಗೊಮ್ಮೆ ಕೆಮ್ಮುತ್ತದೆ. ಪ್ರತಿ ಕೆಮ್ಮಿಗೂ ಹಳೇ ಚೀಟಿ ತೋರಿಸಿ ಅದೇ ಸಿರಪ್ ತಂದರೆ ಆ ಔಷಧಿ ಮಗುವಿನ ಬೆಳವಣಿಗೆಯನ್ನು ತಡೆಯಬಹುದು, ಸೋಂಕಿನ ವಿರುದ್ಧದ ಶಕ್ತಿಯನ್ನು ಕುಗ್ಗಿಸಬಹುದು, ಮಗುವಿನ ಸ್ವಂತ ಗ್ರಂಥಿಗೆ ಜಡ ಹಿಡಿಸಬಹುದು. ಸೀಸೆಯ ಮೇಲೆ ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದು ಬರೆದಿರುತ್ತದೆ. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಫೋನಿನ ಫೋಟೋವೇ ಚೀಟಿ.

ಇನ್ನು ಇದರ ತಿರುವು. ಕ್ರೂಪ್ ಅಂತ ಒಂದಿದೆ, ನಾಯಿ ಬೊಗಳಿದ ಹಾಗೆ ಕೆಮ್ಮು. ಅದು ಗಂಟಲ ಹತ್ತಿರದ ದೊಡ್ಡ ನಾಳದ ಊತ. ಅದಕ್ಕೆ ಡೆಕ್ಸಾಮೆಥಸೋನ್ ಒಂದೇ ಡೋಸ್ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಮಕ್ಕಳ ಅಸ್ತಮಾ ಕೆರಳಿದಾಗಲೂ ಅಷ್ಟೇ. ಬೇರೆ ಕಾರಣಕ್ಕೆ ನಿತ್ಯ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಕ್ಕಳಿದ್ದಾರೆ, ಅವರದ್ದನ್ನು ಈ ಅಂಕಣ ಓದಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ‘ಸ್ಟೀರಾಯ್ಡಾ? ಅಯ್ಯೋ’ ಅನ್ನುವುದೂ ದಡ್ಡತನವೇ. ‘ಇದು ಬ್ರಾಂಕಿಯೋಲೈಟಿಸ್ಸೋ ಬೇರೆಯೋ, ಸ್ಟೀರಾಯ್ಡ್ ಯಾಕೆ ಬೇಕು?’ ಎಂದು ಕೇಳುವುದು ತಾಯ್ತಂದೆಯ ಹಕ್ಕು.

ಎಲ್ಲ ಗೊತ್ತಿದ್ದೂ ಡಾಕ್ಟರುಗಳು ಯಾಕೆ ಬರೆಯುತ್ತಾರೆ? ನಾನು ಅವರನ್ನು ಪೂರ್ತಿ ದೂರಲಾರೆ. ಮೂವತ್ತೆಂಟನೆಯ ಟೋಕನ್ನಿನವರಿಗೆ ಇಪ್ಪತ್ತು ನಿಮಿಷ ಕೂತು ‘ಏನೂ ಬೇಡ, ಆದರೆ ಇದಿಷ್ಟು ನೋಡಿ’ ಎಂದು ವಿವರಿಸಿದರೆ ಮೂವತ್ತೊಂಬತ್ತನೆಯವರು ಬಾಗಿಲು ಬಡಿಯುತ್ತಾರೆ. ಏನೂ ಬರೆಯದೆ ಕಳಿಸಿದ ಮಗು ಮರುದಿನ ಐಸಿಯುಗೆ ಹೋದರೆ ಗೂಗಲ್‌ನಲ್ಲಿ ಒಂದು ಸ್ಟಾರ್ ಬೀಳುತ್ತದೆ. ಬರೆದು ಕಳಿಸಿದ ಮಗು ಹೋದರೆ, ‘ಪಾಪ, ಡಾಕ್ಟರು ಎಲ್ಲಾ ಕೊಟ್ಟಿದ್ರು.’ ಕೊನೆಗೆ ಫೀಸು ಕೊಡುವವರು ನಾವು. ಸೀಸೆ ಕೈಗೆ ಬರದಿದ್ದರೆ ಕೊಟ್ಟ ದುಡ್ಡು ದಂಡ ಅನ್ನಿಸುತ್ತದೆ. ಇದು ಚೆನ್ನೈಯ ರೋಗ ಅಂತಲೂ ಅಲ್ಲ. ನ್ಯೂಜೆರ್ಸಿಯಲ್ಲಿ ಬಾಣಂತನಕ್ಕೆ ಹೋದ ನಮ್ಮ ದೊಡ್ಡಮ್ಮ, ‘ಇಲ್ಲಿ ಡಾಕ್ಟ್ರಿಗೆ ಏನೂ ಬರಂಗಿಲ್ಲ, ಬರೀ ಉಪ್ಪುನೀರು ಅಂತಾರೆ’ ಎಂದು ಫೋನಿನಲ್ಲಿ ಬೈದಿದ್ದರು. ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಅವರು ಯಾವ್ಯಾವ ಸಿರಪ್ ಇಟ್ಟುಕೊಂಡು ಹೋಗಿದ್ದರೋ, ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ನನ್ನ ಮಗಳು ಎರಡು ರಾತ್ರಿ ಆಕ್ಸಿಜನ್ ಮೇಲಿದ್ದು ಮೂರನೆಯ ದಿನ ಮನೆಗೆ ಬಂದಳು. ಕೆಮ್ಮು ಇನ್ನೂ ಎರಡು ವಾರ ಇತ್ತು. ಅದೂ ಮಾಮೂಲೇ, ಹೆಚ್ಚಿನ ಮಕ್ಕಳಲ್ಲಿ ಮೂರು ವಾರದೊಳಗೆ ಹೋಗುತ್ತದೆ. ಅತ್ತೆಗೆ 39.7 ಮತ್ತು 41ರ ಲೆಕ್ಕ ಹೇಳಿದೆ. ಪೂರ್ತಿ ಕೇಳಿ, ‘ಅದು ಅಮೆರಿಕದ ಮಕ್ಕಳು’ ಅಂದರು. ಇವತ್ತಿಗೂ ಅವರು ಒಪ್ಪಿಲ್ಲ.

ಡಾಕ್ಟರಮ್ಮ ಅವತ್ತು ಹೇಳಿದ್ದನ್ನು ನನ್ನ ಹೆಂಡತಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿದ್ದಳು, ನಾಲ್ಕನೆಯ ರಾತ್ರಿ ನಮ್ಮನ್ನು ಎಬ್ಬಿಸಿ ಓಡಿಸಿದ್ದು ಆ ಬರಹವೇ. ಮಗು ಮಲಗಿದ್ದಾಗ ಅಥವಾ ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಅದರ ಮೇಲಿನವರಿಗೆ 40. ಅಷ್ಟು ಮುಟ್ಟಿದರೆ ಡಾಕ್ಟರಿಗೆ ತೋರಿಸಬೇಕು. ಮಾಮೂಲಿ ಕುಡಿಯುವ ಹಾಲಿನಲ್ಲಿ ಅರ್ಧವೂ ಹೋಗುತ್ತಿಲ್ಲ, ಹನ್ನೆರಡು ಗಂಟೆಯಾದರೂ ಡಯಾಪರ್ ಒಣಗಿಯೇ ಇದೆ ಅಂದರೆ ಕಾಯಬೇಡಿ. ಪಕ್ಕೆ ಗುಳಿ ಬೀಳುವುದು, ಪ್ರತಿ ಉಸಿರಿಗೂ ನರಳಿದ ಸದ್ದು, ತುಟಿ ನೀಲಿಯಾಗುವುದು, ಉಸಿರು ನಡುನಡುವೆ ನಿಲ್ಲುವುದು, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ ನೇರ ಆಸ್ಪತ್ರೆ. ದಿನ ತುಂಬದೆ ಹುಟ್ಟಿದ, ಹೃದಯದ ತೊಂದರೆಯಿರುವ, ಮೂರು ತಿಂಗಳು ತುಂಬದ ಕೂಸುಗಳಿಗೆ ಇದರ ಅರ್ಧದಷ್ಟು ಅನುಮಾನವೇ ಸಾಕು. ಸಾಂಬ್ರಾಣಿ ಹೊಗೆ, ಸಿಗರೇಟು, ಸೊಳ್ಳೆಬತ್ತಿ ಯಾವುದೂ ಆ ಕೋಣೆಯಲ್ಲಿ ಬೇಡ. ಆ ವಾರ ಸಾಂಬ್ರಾಣಿಯನ್ನು ಅತ್ತೆಯೇ ಅಟ್ಟಕ್ಕೆ ಹಾಕಿದರು.

ರಾತ್ರಿ ಗಾಡಿ ಸಿಗದಿದ್ದರೆ 108. ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಅದೇ ನಂಬರು.